ಟೆಲಿಸ್ಕೋಪಿಗೆ ಮೊದಲ ಕ್ಯಾಮೆರಾ: ವಿಜಯಪುರದ ಆಕಾಶಕ್ಕೆ ಹೊಂದುವುದನ್ನು ಆರಿಸಿಕೊಳ್ಳುವುದು ಹೇಗೆ?

ಟೆಲಿಸ್ಕೋಪು ಮನೆಗೆ ಬಂದು ತಿಂಗಳೊಪ್ಪತ್ತು ಕಳೆಯುವುದರೊಳಗೆ ಆಸೆ ಶುರುವಾಗುತ್ತದೆ. ಶನಿಯ ಬಳೆಯನ್ನು, ಚಂದ್ರನ ಕುಳಿಗಳನ್ನು ಕಣ್ಣಾರೆ ಕಂಡಾಯಿತು, ಇನ್ನು ಅದನ್ನು ಹಿಡಿದಿಟ್ಟುಕೊಳ್ಳಬೇಕು, ನಾಲ್ಕು ಮಂದಿಗೆ ತೋರಿಸಬೇಕು. ಆಗ ಬರುವ ಪ್ರಶ್ನೆ, "ಯಾವ ಕ್ಯಾಮೆರಾ ತಗೋಬೇಕ್ರಿ?" ಅಂಗಡಿಯವರು ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ. ಯೂಟ್ಯೂಬಿನಲ್ಲಿ ನೋಡಿದರೆ ಯುರೋಪಿನ ಚಳಿಯಲ್ಲಿ, ಧ್ರುವ ನಕ್ಷತ್ರ ನೆತ್ತಿಯ ಕಡೆ ಇರುವ ಆಕಾಶದಲ್ಲಿ ಕೆಲಸ ಮಾಡುವವರ ಸಲಹೆ ಸಿಗುತ್ತದೆ. ಎರಡೂ ನಮಗೆ ಅರ್ಧ ಮಾತ್ರ ಹೊಂದುತ್ತವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸಾಧಾರಣ ಟೆಲಿಸ್ಕೋಪು ಇಟ್ಟುಕೊಂಡು ಶುರು ಮಾಡುವವರಿಗೆ ಮೊದಲ ಕ್ಯಾಮೆರಾ ಎಂದರೆ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಜಾಗದಲ್ಲಿ ಕೂರುವ, ಗ್ರಹಗಳ ವಿಡಿಯೊ ತೆಗೆಯುವ ಸಣ್ಣ ಪ್ಲಾನೆಟರಿ ಕ್ಯಾಮೆರಾ. ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಫೋಟೋ ಕ್ಯಾಮೆರಾ) ಎರಡನೆಯದು, ಅದೂ ಮೊದಮೊದಲು ಟೆಲಿಸ್ಕೋಪಿಗೆ ಹಚ್ಚದೆ, ತನ್ನ ಲೆನ್ಸಿನ ಜೊತೆಗೇ ಬಳಸಬೇಕು. ಕಾರಣ ನಮ್ಮ ಅಕ್ಷಾಂಶದಲ್ಲೂ ನಮ್ಮ ಸೆಕೆಯಲ್ಲೂ ಇದೆ.

ಹಣ ತೆಗೆಯುವ ಮೊದಲು ಟೆಲಿಸ್ಕೋಪನ್ನು ಓದಿ

ಕೊಳವೆಯ ಮೇಲೆ ಅಥವಾ ಫೋಕಸರ್ (ಐಪೀಸ್ ಕೂರುವ, ತಿರುಗಿಸಿ ಚಿತ್ರ ಚೂಪು ಮಾಡುವ ಭಾಗ) ಪಕ್ಕದಲ್ಲಿ "ಡಿ 130, ಎಫ್ 900" ಎಂಬಂಥ ಬರಹ ಇರುತ್ತದೆ. ಡಿ ಎಂದರೆ ಕನ್ನಡಿ ಅಥವಾ ಮಸೂರದ ವ್ಯಾಸ, ಎಫ್ ಎಂದರೆ ಸಂಗಮದೂರ (ಬೆಳಕು ಒಂದೆಡೆ ಕೂಡುವವರೆಗಿನ ದೂರ), ಎರಡೂ ಮಿಲಿಮೀಟರಿನಲ್ಲಿ. 900ನ್ನು 130ರಿಂದ ಭಾಗಿಸಿದರೆ ಹತ್ತಿರಹತ್ತಿರ 7. ಇದಕ್ಕೆ ಎಫ್ ಅನುಪಾತ ಎನ್ನುತ್ತಾರೆ, ಅಂದರೆ ಇದು ಎಫ್/7 ಟೆಲಿಸ್ಕೋಪು. ಮುಂದಿನ ಲೆಕ್ಕಕ್ಕೆಲ್ಲ ಇದೇ ಆಧಾರ, ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಆಮೇಲೆ ಫೋಕಸರ್‌ನ ಬಾಯಿ ಅಳೆಯಿರಿ. ಒಂದೂಕಾಲು ಇಂಚು, ಅಂದರೆ 31.7 ಮಿ.ಮೀ. ಇದ್ದರೆ ಸಾಕು, ಹೆಚ್ಚಿನ ಪ್ಲಾನೆಟರಿ ಕ್ಯಾಮೆರಾಗಳು ಅದಕ್ಕೇ ಹೊಂದುತ್ತವೆ. ಎರಡು ಇಂಚು ಇದ್ದರೆ ಇನ್ನೂ ಒಳ್ಳೆಯದು. ಹಳೆಯ ಆಟಿಕೆ ಟೆಲಿಸ್ಕೋಪುಗಳಲ್ಲಿ 24.5 ಮಿ.ಮೀ. ಬಾಯಿ ಇರುತ್ತದೆ. ಅಂಥದ್ದಕ್ಕೆ ಕ್ಯಾಮೆರಾ ಕೊಳ್ಳಬೇಡಿ, ಆ ಹಣವನ್ನು ಒಳ್ಳೆಯ ಟೆಲಿಸ್ಕೋಪಿಗೆ ಕೂಡಿಡಿ.

ಮೂರನೆಯದು ಮೌಂಟು, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಆಸರೆ. ಕೈಯಿಂದ ಮೇಲೆ ಕೆಳಗೆ ತಳ್ಳುವ ಡಾಬ್ಸೋನಿಯನ್ನೇ, ಧ್ರುವದ ಕಡೆ ಬಾಗಿದ ಅಕ್ಷದ, ಮೋಟಾರ್ ಇಲ್ಲದ ಈಕ್ವಟೋರಿಯಲ್ಲೇ, ಮೋಟಾರ್ ಇರುವುದೇ? ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಷ್ಟು ಸರಿಯುತ್ತಲೇ ಇರುತ್ತವೆ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡು). 900 ಮಿ.ಮೀ. ಟೆಲಿಸ್ಕೋಪಿಗೆ ಮಾಮೂಲಿ ಕ್ಯಾಮೆರಾ ಹಚ್ಚಿ ಒಂದು ಸೆಕೆಂಡು ಶಟರ್ ತೆರೆದಿಟ್ಟರೂ ನಕ್ಷತ್ರ ಹದಿನೇಳು ಪಿಕ್ಸೆಲ್‌ನಷ್ಟು ಉದ್ದದ ಗೆರೆಯಾಗುತ್ತದೆ. ಆಕಾಶದ ಜೊತೆಗೇ ತಿರುಗುವ ಮೌಂಟ್ ಇಲ್ಲದಿದ್ದರೆ ನೀಹಾರಿಕೆಯ ಚಿತ್ರ ಎಷ್ಟೇ ದುಬಾರಿ ಕ್ಯಾಮೆರಾಕ್ಕೂ ದಕ್ಕುವುದಿಲ್ಲ. ಚಂದ್ರ ಮತ್ತು ಗ್ರಹಗಳಿಗೆ ಮಾತ್ರ ಈ ತೊಡಕಿಲ್ಲ. ಅವು ಬೆಳಕಿನ ಕಾಯಗಳು, ಸೆಕೆಂಡಿನ ನೂರನೇ ಒಂದು ಭಾಗ ಸಾಕು.

ನಮ್ಮ ಊರು ಕೊಡುವುದೇನು, ಕಸಿಯುವುದೇನು

ವಿಜಯಪುರದ ಅಕ್ಷಾಂಶ ಸುಮಾರು 16.8 ಡಿಗ್ರಿ ಉತ್ತರ. ಹೀಗಾಗಿ ಗುರು, ಶನಿ, ಮಂಗಳ ದಕ್ಷಿಣದ ಕಡೆಗೆ ತೀರ ವಾಲಿದ ವರ್ಷಗಳಲ್ಲೂ ನಮ್ಮಲ್ಲಿ 50 ಡಿಗ್ರಿ ಆಸುಪಾಸಿನ ಎತ್ತರಕ್ಕೆ ಏರುತ್ತವೆ. ಅದೇ ವರ್ಷ ಲಂಡನ್ನಿನವರಿಗೆ ಅವು ದಿಗಂತದಿಂದ 15 ಡಿಗ್ರಿಯಷ್ಟೇ ಮೇಲೆ, ದಪ್ಪ ಗಾಳಿಯ ಹಿಂದೆ ಕುಣಿಯುತ್ತಿರುತ್ತವೆ. ಗುರು ಮಿಥುನ ರಾಶಿಯಲ್ಲಿದ್ದಾಗಲಂತೂ ನಮಗೆ ನಡುನೆತ್ತಿಗೇ ಬರುತ್ತಾನೆ. 2026ರ ಜನವರಿ 10ರ ಒಪೊಸಿಷನ್ (ಗ್ರಹ ಸೂರ್ಯನಿಗೆ ಎದುರು ದಿಕ್ಕಿಗೆ ಬರುವುದು) ಹಾಗೇ ಇತ್ತು. ಗ್ರಹ ಎತ್ತರದಲ್ಲಿದ್ದಷ್ಟೂ ಅದರ ಬೆಳಕು ದಾಟಿ ಬರಬೇಕಾದ ಗಾಳಿ ಕಡಿಮೆ, ಚಿತ್ರ ಅಷ್ಟು ಸ್ಫುಟ. ಗ್ರಹಗಳ ಛಾಯಾಗ್ರಹಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಮೇಲಾಗಿ ಗ್ರಹಗಳಿಗೆ ಊರ ಬೀದಿದೀಪದ ಹಂಗಿಲ್ಲ. ಸ್ಟೇಷನ್ ರೋಡಿನ ಮಾಳಿಗೆಯಿಂದಲೂ ಶನಿ ಸಿಗುತ್ತಾನೆ.

ಕಸಿಯುವುದು ಬಿಸಿಲು. ಸೆನ್ಸರ್ ಬಿಸಿಯಾದಂತೆ ಚಿತ್ರದಲ್ಲಿ ಚುಕ್ಕಿಚುಕ್ಕಿ ಕೊಳೆ ಹೆಚ್ಚುತ್ತದೆ. ಸುಮಾರು ಆರೇಳು ಡಿಗ್ರಿ ಸೆಲ್ಸಿಯಸ್ ಏರಿದರೆ ಅದನ್ನು ಹುಟ್ಟಿಸುವ ವಿದ್ಯುತ್ ಸೋರಿಕೆ ಇಮ್ಮಡಿಯಾಗುತ್ತದೆ. ಹಗಲು 40 ಡಿಗ್ರಿ ಕಾಯುವ ಏಪ್ರಿಲ್, ಮೇ ತಿಂಗಳ ರಾತ್ರಿಯಲ್ಲಿ ತಂಪುಯಂತ್ರ ಇಲ್ಲದ ಕ್ಯಾಮೆರಾದಿಂದ ಐದು ನಿಮಿಷ ಶಟರ್ ತೆರೆದಿಡುವ ಎಕ್ಸ್‌ಪೋಶರ್ ತೆಗೆಯುವುದು ಕಷ್ಟ. ಗ್ರಹಗಳ ಕ್ಷಣಮಾತ್ರದ ಎಕ್ಸ್‌ಪೋಶರಿಗೆ ಈ ಸೆಕೆ ತಟ್ಟುವುದಿಲ್ಲ.

ಮಾಳಿಗೆಯ ಬಗ್ಗೆಯೂ ಒಂದು ಮಾತು. ಕಾಂಕ್ರೀಟು, ಕಲ್ಲುಚಪ್ಪಡಿ ಹಗಲೆಲ್ಲ ಕುಡಿದ ಬಿಸಿಯನ್ನು ಮಧ್ಯರಾತ್ರಿಯವರೆಗೂ ಬಿಡುತ್ತಿರುತ್ತವೆ. ಆ ಬಿಸಿಗಾಳಿ ಟೆಲಿಸ್ಕೋಪಿನ ಮುಂದೆಯೇ ಏಳುವುದರಿಂದ ಗುರುವಿನ ಪಟ್ಟಿಗಳು ಕಲಸಿಹೋಗುತ್ತವೆ, ಬಹಳ ಮಂದಿ ಆಗ ಕ್ಯಾಮೆರಾವನ್ನು ಬಯ್ಯುತ್ತಾರೆ. ಅಂಗಳದ ಮಣ್ಣಿನ ಮೇಲೆ ಇಟ್ಟು ನೋಡಿ, ಇಲ್ಲವೇ ಬೆಳಗಿನ ಜಾವಕ್ಕೆ ಏಳಿ.

ಕೈಯಲ್ಲಿರುವ ಮೊಬೈಲಿನಿಂದ ಶುರು

ಒಂದು ರೂಪಾಯಿಯ ಕ್ಯಾಮೆರಾ ಕೊಳ್ಳುವ ಮೊದಲು ಮೊಬೈಲನ್ನು ಐಪೀಸಿಗೆ ಕಟ್ಟಿ ಹಿಡಿಯುವ ಹೋಲ್ಡರ್ ತನ್ನಿ. ಮೂರು ದಿಕ್ಕಿಗೂ ಸ್ಕ್ರೂನಿಂದ ಹೊಂದಿಸುವಂಥದ್ದು ಬೇಕು. ರಬ್ಬರ್ ಪಟ್ಟಿಯದು ಜಾರುತ್ತದೆ. 20 ಅಥವಾ 25 ಮಿ.ಮೀ. ಐಪೀಸ್ ಹಾಕಿ, ಮೊಬೈಲಿನ ಮುಖ್ಯ ಲೆನ್ಸನ್ನು ಅದರ ನಡುವಿಗೆ ತನ್ನಿ, ಪ್ರೊ ಮೋಡಿನಲ್ಲಿ ಐಎಸ್‌ಒ 100, ಶಟರ್ ಸೆಕೆಂಡಿನ 1/125ರಿಂದ ಶುರು ಮಾಡಿ, ಚಂದ್ರನ ಬೆಳಕು ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಬೆರಳು ತಾಗಿದರೆ ಚಿತ್ರ ಅಲುಗುತ್ತದೆ, ಮೂರು ಸೆಕೆಂಡಿನ ಟೈಮರ್ ಇಡಿ. ಪೂರ್ಣಿಮೆಗಿಂತ ಅಷ್ಟಮಿಯ ಚಂದ್ರ ಒಳ್ಳೆಯದು, ನೆರಳು ಉದ್ದ ಬಿದ್ದು ಕುಳಿಗಳ ಅಂಚು ಎದ್ದು ಕಾಣುತ್ತದೆ.

ಒಂದೆರಡು ಪಕ್ಷ ಹೀಗೆ ತೆಗೆದರೆ ನಿಮ್ಮ ಮೌಂಟು ಎಷ್ಟು ಅಲುಗುತ್ತದೆ, ಫೋಕಸರ್ ಎಷ್ಟು ಸಡಿಲ, ರಾತ್ರಿ ಎರಡರವರೆಗೆ ಕೂರುವ ತಾಳ್ಮೆ ನಿಮಗಿದೆಯೇ ಎಂಬುದೆಲ್ಲ ತಿಳಿಯುತ್ತದೆ. ಶಾಲೆಯ ಮಕ್ಕಳಿಗೆ ತೋರಿಸುವ ಶಿಕ್ಷಕರಿಗೆ ಹೋಲ್ಡರ್ ಒಂದೇ ಸಾಕಾಗಬಹುದು. ಅದರಲ್ಲಿ ಕೊರತೆ ಏನೂ ಇಲ್ಲ.

ಪ್ಲಾನೆಟರಿ ಕ್ಯಾಮೆರಾ ಆರಿಸುವುದು

ಗುರುವಿನ ಬಿಂಬ ದೊಡ್ಡದಾಗಿದ್ದಾಗಲೂ ಸುಮಾರು 45 ಆರ್ಕ್‌ಸೆಕೆಂಡು. 900 ಮಿ.ಮೀ. ಟೆಲಿಸ್ಕೋಪು ಅದನ್ನು ಸೆನ್ಸರ್ ಮೇಲೆ 0.2 ಮಿ.ಮೀ. ಅಗಲದ ಚುಕ್ಕಿಯಾಗಿ ಬೀಳಿಸುತ್ತದೆ. ಡಿಎಸ್‌ಎಲ್‌ಆರ್ ಸೆನ್ಸರ್ ಅಗಲ 22 ಮಿ.ಮೀ. ಅಂದರೆ 24 ಮೆಗಾಪಿಕ್ಸೆಲ್‌ನಲ್ಲಿ ಗುರು ಕೂತಿರುವುದು ಐವತ್ತೂಚಿಲ್ಲರೆ ಪಿಕ್ಸೆಲ್ ಅಗಲದಲ್ಲಿ, ಉಳಿದದ್ದೆಲ್ಲ ಕಪ್ಪು. ನಮಗೆ ಬೇಕಾದದ್ದು ದೊಡ್ಡ ಸೆನ್ಸರ್ ಅಲ್ಲ. ಸಣ್ಣ ಪಿಕ್ಸೆಲ್ ಬೇಕು, ಸೆಕೆಂಡಿಗೆ ಬಹಳ ಫ್ರೇಮ್ ಬೇಕು. ಗಾಳಿ ಕುಣಿಯುತ್ತಿರುತ್ತದೆ, ನಡುನಡುವೆ ಕ್ಷಣಕಾಲ ನಿಲ್ಲುತ್ತದೆ. ಸಾವಿರಾರು ಫ್ರೇಮುಗಳ ವಿಡಿಯೊ ತೆಗೆದು, ಆ ನಿಂತ ಕ್ಷಣಗಳ ಫ್ರೇಮುಗಳನ್ನಷ್ಟೇ ಸಾಫ್ಟ್‌ವೇರ್‌ನಿಂದ ಆರಿಸಿ ಒಂದರ ಮೇಲೊಂದು ಪೇರಿಸುವುದೇ ಗ್ರಹಚಿತ್ರದ ವಿದ್ಯೆ.

ಆಯ್ಕೆಗೆ ನಾನು ನೋಡುವುದು ಇಷ್ಟು. ಪಿಕ್ಸೆಲ್ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು ಐದರಿಂದ ಗುಣಿಸಿ. (ಒಂದು ಮಿ.ಮೀ.ನ ಸಾವಿರದ ಒಂದು ಭಾಗವೇ ಮೈಕ್ರಾನ್.) ಬಂದ ಸಂಖ್ಯೆಗೆ ನಿಮ್ಮ ಟೆಲಿಸ್ಕೋಪಿನ ಎಫ್ ಅನುಪಾತ ಹತ್ತಿರವಾಗಬೇಕು. 2.9 ಮೈಕ್ರಾನ್ ಪಿಕ್ಸೆಲ್ ಆದರೆ ಎಫ್/14.5. ನಿಮ್ಮದು ಎಫ್/7 ಆಗಿದ್ದರೆ 2 ಪಟ್ಟಿನ ಬಾರ್ಲೋ ಲೆನ್ಸ್ (ಸಂಗಮದೂರವನ್ನು ಹಿಗ್ಗಿಸುವ ಮಸೂರ) ಹಾಕಿದರೆ ಎಫ್/14, ಹೆಚ್ಚುಕಡಿಮೆ ಸರಿಹೋಯಿತು. ಆಗ ಗುರು 135 ಪಿಕ್ಸೆಲ್ ಅಗಲ ಬರುತ್ತಾನೆ, ಪಟ್ಟಿಗಳು, ಕೆಂಪು ಕಲೆ ಕಾಣುವಷ್ಟು. 3.75 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ತಗೊಂಡರೆ 3 ಪಟ್ಟಿನ ಬಾರ್ಲೋ ಬೇಕಾದೀತು. ಗಾಳಿ ಚೆನ್ನಾಗಿಲ್ಲದ ರಾತ್ರಿ ಐದರ ಬದಲು ಮೂರರಿಂದ ಗುಣಿಸಿದ ಅನುಪಾತವೇ ಲೇಸು.

ಝೆಡ್‌ಡಬ್ಲ್ಯುಒ ಕಂಪನಿಯ ಎಎಸ್‌ಐ120ಎಂಸಿ-ಎಸ್ ಬಹಳ ಕಾಲದಿಂದ ಹೊಸಬರ ಕ್ಯಾಮೆರಾ: 1280×960 ಪಿಕ್ಸೆಲ್, 3.75 ಮೈಕ್ರಾನ್, ಯುಎಸ್‌ಬಿ 3. ಅದೇ ಕಂಪನಿಯ ಎಎಸ್‌ಐ662ಎಂಸಿ ಹೊಸದು, 2.9 ಮೈಕ್ರಾನ್, 1920×1080, ಮಂದ ಬೆಳಕಿಗೆ ಹೆಚ್ಚು ಚುರುಕು. ದುಡ್ಡು ಸೇರುವಂತಿದ್ದರೆ ನಾನು ಇದನ್ನೇ ಹೇಳುವೆ. ಎಸ್‌ವಿಬೋನಿಯ ಎಸ್‌ವಿ105 ಬಹಳ ಅಗ್ಗ, ಆದರೆ ಯುಎಸ್‌ಬಿ 2, ಫ್ರೇಮು ಕಡಿಮೆ. ವಿದ್ಯಾರ್ಥಿಗಳಿಗೆ ಕಲಿಯಲು ಅಡ್ಡಿಯಿಲ್ಲ. ಹೆಸರಿನ ಕೊನೆಗೆ "ಎಂಎಂ" ಇದ್ದರೆ ಅದು ಕಪ್ಪುಬಿಳುಪು. ಬಣ್ಣದ ಚಿತ್ರಕ್ಕೆ ಮೂರು ಫಿಲ್ಟರು ಬದಲಿಸುತ್ತ ತೆಗೆಯಬೇಕಾಗುತ್ತದೆ, ಮೊದಲ ಸಲಕ್ಕೆ ಅದು ಬೇಡ, "ಎಂಸಿ" ಸಾಕು. ಸೆನ್ಸರ್ ಮುಂದಿನ ಗಾಜು ಇನ್‌ಫ್ರಾರೆಡ್ ತಡೆಯುವುದೋ ಇಲ್ಲವೋ ಕೇಳಿಕೊಳ್ಳಿ. ತಡೆಯದಿದ್ದರೆ ಒಂದೂಕಾಲು ಇಂಚಿನ ಯುವಿ-ಐಆರ್ ಕಟ್ ಫಿಲ್ಟರ್ ಜೊತೆಗೇ ತರಿಸಿ, ಮಸೂರದ ಟೆಲಿಸ್ಕೋಪಿಗೆ ಅದಿಲ್ಲದೆ ಚಿತ್ರ ಮಂಜಾಗುತ್ತದೆ.

ಮೋಟಾರ್ ಇಲ್ಲದವರು ಎದೆಗುಂದಬೇಕಿಲ್ಲ. ಮೇಲೆ ಹೇಳಿದ 2.9 ಮೈಕ್ರಾನ್ ಕ್ಯಾಮೆರಾ ಮತ್ತು ಬಾರ್ಲೋ ಜೋಡಿಯಲ್ಲಿ ಚೌಕಟ್ಟಿನ ಉದ್ದಕ್ಕೆ ಗ್ರಹ ಸರಿದುಹೋಗಲು ನಲವತ್ತು ಸೆಕೆಂಡು ಹಿಡಿಯುತ್ತದೆ. ಒಂದು ಅಂಚಿನಲ್ಲಿ ಇಟ್ಟು ವಿಡಿಯೊ ಶುರು ಮಾಡಿ, ಇನ್ನೊಂದು ಅಂಚು ಮುಟ್ಟಿದಾಗ ನಿಲ್ಲಿಸಿ, ಮತ್ತೆ ಅದೇ ಮಾಡಿ. ಪಿಪ್ ಎಂಬ ಉಚಿತ ತಂತ್ರಾಂಶ ಎಲ್ಲ ಫ್ರೇಮಿನಲ್ಲೂ ಗ್ರಹವನ್ನು ನಡುವಿಗೆ ತಂದು ಕೊಡುತ್ತದೆ. ಗ್ರಹವನ್ನು ಮೊದಲು ಚೌಕಟ್ಟಿಗೆ ತರುವುದೇ ನಿಜವಾದ ಕಷ್ಟ, ಅದಕ್ಕೆ ಫೈಂಡರನ್ನು (ಗುರಿ ಹುಡುಕುವ ಪಕ್ಕದ ಸಣ್ಣ ದುರ್ಬೀನು) ಹಗಲಲ್ಲೇ ದೂರದ ಟವರ್ ಒಂದರ ಮೇಲೆ ಹೊಂದಿಸಿಡಿ. ಮೋಟಾರ್ ಇದ್ದವರೂ ಗುರುವನ್ನು ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಒಂದೇ ವಿಡಿಯೊದಲ್ಲಿ ಹಿಡಿಯಬೇಡಿ. ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ಗ್ರಹ ಅದು, ವಿವರ ಉಜ್ಜಿಹೋಗುತ್ತದೆ.

ಲ್ಯಾಪ್‌ಟಾಪಿನ ಖರ್ಚನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. 1280×960ರ ಚೌಕಟ್ಟನ್ನು ಸೆಕೆಂಡಿಗೆ 60ರಂತೆ ಬರೆದರೆ ಎರಡು ನಿಮಿಷಕ್ಕೆ ಒಂಬತ್ತು ಜಿಬಿ ಹತ್ತಿರ. ಹಳೆಯ ಹಾರ್ಡ್‌ಡಿಸ್ಕ್ ಆ ವೇಗಕ್ಕೆ ತತ್ತರಿಸುತ್ತದೆ, ಎಸ್‌ಎಸ್‌ಡಿ ಹಾಕಿಸಿ. ತೆಗೆಯಲು ಶಾರ್ಪ್‌ಕ್ಯಾಪ್ ಅಥವಾ ಫೈರ್‌ಕ್ಯಾಪ್ಚರ್, ಪೇರಿಸಲು ಆಟೋಸ್ಟ್ಯಾಕರ್ಟ್, ತೀಡಲು ರೆಜಿಸ್ಟಾಕ್ಸ್. ಶುರುವಿಗೆ ಬೇಕಾದಷ್ಟು ಇವೆಲ್ಲ ಉಚಿತವಾಗಿಯೇ ಸಿಗುತ್ತವೆ.

ಡಿಎಸ್‌ಎಲ್‌ಆರ್: ಹೊಸದು ಬೇಡ, ಸ್ಟುಡಿಯೋದಲ್ಲಿ ಕೇಳಿ

ಪೂರ್ಣ ಚಂದ್ರ, ಗ್ರಹಣ, ಕೃತ್ತಿಕೆ, ಆಕಾಶಗಂಗೆ ಬೇಕೆಂದರೆ ದೊಡ್ಡ ಸೆನ್ಸರ್ ಬೇಕೇ ಬೇಕು. 900 ಮಿ.ಮೀ. ಟೆಲಿಸ್ಕೋಪಿನಲ್ಲಿ ಚಂದ್ರನ ಬಿಂಬ ಎಂಟು ಮಿ.ಮೀ. ಆಗುತ್ತದೆ. ಪ್ಲಾನೆಟರಿ ಕ್ಯಾಮೆರಾದಲ್ಲಿ ಅದನ್ನು ತುಂಡುತುಂಡು ತೆಗೆದು ಜೋಡಿಸಬೇಕು, ಡಿಎಸ್‌ಎಲ್‌ಆರ್‌ನಲ್ಲಿ ಒಂದೇ ಕ್ಲಿಕ್ಕಿಗೆ ಇಡೀ ಚಂದ್ರ.

ಮದುವೆ ಫೋಟೋ ತೆಗೆಯುವವರು ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ಹಳೆಯ ಕ್ಯಾನನ್, ನಿಕಾನ್ ಬಾಡಿಗಳು ಸ್ಟುಡಿಯೋಗಳಲ್ಲಿ ಮಾರಾಟಕ್ಕೆ ಬರುತ್ತಿವೆ. ಪರಿಚಯದವರಿದ್ದರೆ ಮಾತಾಡಿ. ಬಾಡಿ ಮಾತ್ರ ಸಾಕು. ಶಟರ್ ಬಹಳ ಓಡಿದೆ ಎಂದು ಬೆಲೆ ಇಳಿಸುತ್ತಾರಲ್ಲ, ನಮಗೆ ಅದು ಲಾಭವೇ, ಒಂದು ರಾತ್ರಿಗೆ ನಾವು ಮದುವೆಮನೆಯಷ್ಟು ಕ್ಲಿಕ್ ಮಾಡುವುದಿಲ್ಲ. ಕೊಳ್ಳುವಾಗ ಇಷ್ಟು ಪರೀಕ್ಷೆ ಮಾಡಿ: ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೇರ ಚಿತ್ರ) ಇದೆಯೇ, ಅದನ್ನು ಹತ್ತು ಪಟ್ಟು ಹಿಗ್ಗಿಸಬಹುದೇ (ಫೋಕಸ್ ಮಾಡುವುದೇ ಅದರಿಂದ), ರಾ ಫೈಲ್ (ಕುಗ್ಗಿಸದ ಮೂಲ ಚಿತ್ರ) ಬರುತ್ತದೆಯೇ, ಬಲ್ಬ್ ಮೋಡ್ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವುದು) ಮತ್ತು ರಿಮೋಟ್ ಹಚ್ಚುವ ತೂತು ಸರಿಯಿದೆಯೇ. ಮುಚ್ಚಳ ಹಾಕಿ ಐಎಸ್‌ಒ 1600ರಲ್ಲಿ 30 ಸೆಕೆಂಡಿನ ಒಂದು ಫೋಟೋ ತೆಗೆದು ಹಿಗ್ಗಿಸಿ ನೋಡಿ. ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕಿ ಸಹಜ, ಹೊಲದಲ್ಲಿ ಬಿತ್ತಿದ ಹಾಗೆ ತುಂಬಿದ್ದರೆ ಬೇಡ. ಎಫ್/16ರಲ್ಲಿ ಹಗಲಿನ ಆಕಾಶದ ಒಂದು ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು ಗೊತ್ತಾಗುತ್ತದೆ, ಆಗ ಕ್ಯಾಮೆರಾ ಸೂರ್ಯನ ಕಡೆ ತಿರುಗದಿರಲಿ. ಫುಲ್‌ಫ್ರೇಮ್ (ಇನ್ನೂ ದೊಡ್ಡ ಸೆನ್ಸರಿನ) ಕ್ಯಾಮೆರಾದ ಮೋಹ ಬೇಡ, ಸಣ್ಣ ಫೋಕಸರ್‌ನಲ್ಲಿ ಅದರ ಮೂಲೆಗಳೆಲ್ಲ ಕತ್ತಲೆ.

ಟೆಲಿಸ್ಕೋಪಿಗೆ ಹಚ್ಚಲು ನಿಮ್ಮ ಕ್ಯಾಮೆರಾ ಕಂಪನಿಗೆ ತಕ್ಕ ಟಿ-ರಿಂಗ್ (ಲೆನ್ಸಿನ ಜಾಗದಲ್ಲಿ ಕೂರುವ ಬಳೆ) ಮತ್ತು ಫೋಕಸರ್ ಬಾಯಿಗೆ ತೂರುವ, ಅದಕ್ಕೆ ತಕ್ಕ ನೋಸ್‌ಪೀಸ್ ಬೇಕು. ಕೊಳ್ಳುವ ಮೊದಲು, ವಿಶೇಷವಾಗಿ ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪು) ಇದ್ದವರು, ಬಟರ್ ಪೇಪರಿನ ಪರೀಕ್ಷೆ ಮಾಡಲೇಬೇಕು. ರಾತ್ರಿ ಚಂದ್ರನಿಗೆ ಟೆಲಿಸ್ಕೋಪು ತಿರುಗಿಸಿ, ಐಪೀಸ್ ತೆಗೆದು, ಫೋಕಸರನ್ನು ಪೂರ್ತಿ ಒಳಗೆ ತಿರುಗಿಸಿ. ಬಾಯಿಯ ಹೊರಗೆ ಬಟರ್ ಪೇಪರ್ ಹಿಡಿದು ಹಿಂದೆ ಮುಂದೆ ಸರಿಸಿದರೆ ಒಂದು ಕಡೆ ಚಂದ್ರ ಚೂಪಾಗಿ ಮೂಡುತ್ತಾನೆ. ಆ ಜಾಗ ಫೋಕಸರ್ ಅಂಚಿನಿಂದ 60 ಮಿ.ಮೀ. ಅಥವಾ ಅದಕ್ಕೂ ದೂರ ಇದ್ದರೆ ಡಿಎಸ್‌ಎಲ್‌ಆರ್ ಫೋಕಸ್ ಆಗುತ್ತದೆ. ಟಿ-ರಿಂಗಿನಿಂದ ಸೆನ್ಸರ್‌ಗೇ 55 ಮಿ.ಮೀ. ಇರುತ್ತದೆ, ಅದಕ್ಕೇ ಈ ಲೆಕ್ಕ. ಹತ್ತಿರ ಮೂಡಿದರೆ ಬಾರ್ಲೋ ಇಲ್ಲದೆ ಫೋಕಸ್ ಬಾರದು. ಕಣ್ಣಿನಿಂದ ನೋಡಲಿಕ್ಕೆಂದೇ ಮಾಡಿದ ಅಗ್ಗದ ನ್ಯೂಟೋನಿಯನ್‌ಗಳಲ್ಲಿ ಇದು ಮಾಮೂಲಿ ತೊಂದರೆ.

ಕ್ಯಾಮೆರಾದೊಳಗಿನ ಫಿಲ್ಟರ್ ಬಿಚ್ಚಿಸುವ ಮಾತು ನಿಮ್ಮ ಕಿವಿಗೆ ಬಿದ್ದೀತು. ಹೈಡ್ರೋಜನ್ ನೀಹಾರಿಕೆಗಳ 656.3 ನ್ಯಾನೋಮೀಟರ್ ಕೆಂಪು ಬೆಳಕನ್ನು ಆ ಫಿಲ್ಟರ್ ಬಹುಪಾಲು ತಡೆಯುತ್ತದೆ ಎಂಬುದು ನಿಜ. ಆದರೂ ಮಹಾವ್ಯಾಧ ನೀಹಾರಿಕೆ, ಕೃತ್ತಿಕೆ, ದೇವಯಾನಿ ಗೆಲಕ್ಸಿಗೆ ಇದ್ದಂತೆಯೇ ಸಾಕು. ಮೊದಲ ವರ್ಷ ಬಿಚ್ಚಿಸಬೇಡಿ.

ಲೆನ್ಸಿನ ಜೊತೆಗೇ ಹೊಲಕ್ಕೆ

ಡಿಎಸ್‌ಎಲ್‌ಆರ್ ಕೈಗೆ ಬಂದ ಮೇಲೆ ಅದನ್ನು ಟೆಲಿಸ್ಕೋಪಿಗೆ ಹಚ್ಚುವ ಆತುರ ಬೇಡ. 50 ಮಿ.ಮೀ. ಲೆನ್ಸ್, ಗಟ್ಟಿ ಟ್ರೈಪಾಡ್ ಸಾಕು. ಈ ಲೆನ್ಸಿನಲ್ಲಿ ನಕ್ಷತ್ರ ಸೆಕೆಂಡಿಗೆ ಒಂದು ಪಿಕ್ಸೆಲ್ ಮಾತ್ರ ಸರಿಯುತ್ತದೆ, ಮೂರು ನಾಲ್ಕು ಸೆಕೆಂಡಿನ ನೂರಾರು ಫೋಟೋ ತೆಗೆದು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಪೇರಿಸಬಹುದು. ಕೊನೆಗೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸೆಕೆಂಡಿನಲ್ಲಿ ಇಪ್ಪತ್ತು ಮೂವತ್ತು ಕಪ್ಪು ಫೋಟೋ ತೆಗೆಯಿರಿ. ಡಾರ್ಕ್ ಫ್ರೇಮ್ ಎನ್ನುವ ಇವು ಸೆಕೆಯ ಚುಕ್ಕಿಗಳನ್ನು ಕಳೆಯಲು ಬೇಕು, ನಮ್ಮ ಕಡೆಗಂತೂ ಬಿಡುವಂತೆಯೇ ಇಲ್ಲ.

ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ದಿನ ನನಗೆ ಕಾಣದು. ಚರಗ ಚೆಲ್ಲಲು ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿರುತ್ತೀರಿ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಮರಳುವಾಗ ನೀವೊಬ್ಬಿಬ್ಬರು ಉಳಿದುಕೊಳ್ಳಿ. ಡಿಸೆಂಬರ್–ಜನವರಿಯ ಚಳಿ, ಚಂದ್ರನಿಲ್ಲದ ರಾತ್ರಿ, ಸೆನ್ಸರ್ ತಂಪು. ತಿಕೋಟಾ, ಬಬಲೇಶ್ವರ ಕಡೆಯ ಜೋಳದ ಹೊಲಗಳಲ್ಲಿ ಊರ ಬೆಳಕು ಹಿಂದೆ ಉಳಿಯುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಕೃತ್ತಿಕೆ ನೆತ್ತಿಯ ಹತ್ತಿರ, ಮಹಾವ್ಯಾಧ ಪೂರ್ವ–ಆಗ್ನೇಯದಲ್ಲಿ ಚೆನ್ನಾಗಿ ಎದ್ದಿರುತ್ತಾನೆ. ಬೇಸಿಗೆಯಲ್ಲಿ ಸೆಕೆ ಸಹಿಸುವವರಿಗೆ ಇನ್ನೊಂದು ಬಹುಮಾನವಿದೆ: ಒಮೆಗಾ ಸೆಂಟಾರಿ, ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಗುಚ್ಛ, ಅಂದರೆ ಉಂಡೆಯಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು. ದಕ್ಷಿಣದಲ್ಲಿ 26 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ.

ಮೌಂಟ್ ಕೊಳ್ಳುವ ದಿನ ಬಂದರೆ

ಟೆಲಿಸ್ಕೋಪಿನ ಮೂಲಕ ನೀಹಾರಿಕೆ ತೆಗೆಯಲೇಬೇಕೆಂದರೆ ಹಣದ ದೊಡ್ಡ ಪಾಲು ಮೌಂಟಿಗೆ ಹೋಗಬೇಕು. ಸ್ಕೈವಾಚರ್ ಎಚ್‌ಇಕ್ಯು5 ತರಹದ್ದು ಲಕ್ಷ ರೂಪಾಯಿ ದಾಟುತ್ತದೆ. ಹೊರುವ ಶಕ್ತಿ ಎಂದು ಕಂಪನಿ ಬರೆದದ್ದರ ಅರ್ಧಕ್ಕೆ ನಿಮ್ಮ ಟೆಲಿಸ್ಕೋಪು, ಕ್ಯಾಮೆರಾ ಎರಡೂ ಸೇರಿ ನಿಲ್ಲಬೇಕು. ಲೆನ್ಸಿಗೆ ಮಾತ್ರವಾದರೆ ಐದು ಕೆ.ಜಿ. ಹೊರುವ ಸ್ಟಾರ್ ಅಡ್ವೆಂಚರರ್ ಎಂಬ ಸಣ್ಣ ಮೌಂಟು ಸಾಕು.

ವಿಜಯಪುರದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 17 ಡಿಗ್ರಿ, ಬೆಳಗಾವಿಯಲ್ಲಿ 16 ಡಿಗ್ರಿ ಅಷ್ಟೇ. ಧ್ರುವದ ಕಡೆ ತಿರುಗಿಸಬೇಕಾದ ಮೌಂಟಿನ ಅಕ್ಷವನ್ನು ಅಷ್ಟು ಕೆಳಗೆ ಬಾಗಿಸಲು ಬರುತ್ತದೆಯೇ ಎಂದು ಮಾರುವವರನ್ನು ಕೇಳಿ. ಕೆಲವು ಮೌಂಟುಗಳಲ್ಲಿ ತೂಕದ ಗುಂಡಿನ ಸರಳು ಟ್ರೈಪಾಡಿನ ಕಾಲಿಗೇ ಬಡಿಯುತ್ತದೆ. ನಿಲ್ಲಿಸುವ ಜಾಗದಲ್ಲಿ ಉತ್ತರದ ಕಡೆ ಬೇವಿನ ಮರ, ಪಕ್ಕದ ಮನೆಯ ನೀರಿನ ಟಾಕಿ ಇಲ್ಲದಂತೆ ನೋಡಿಕೊಳ್ಳಿ.

ಸೀಸ್ಟಾರ್ ಎಸ್50 ತರಹದ ಸ್ಮಾರ್ಟ್ ಟೆಲಿಸ್ಕೋಪುಗಳಲ್ಲಿ ಕ್ಯಾಮೆರಾ, ಮೌಂಟು ಎಲ್ಲ ಒಂದೇ ಡಬ್ಬಿಯಲ್ಲಿ. ನೀಹಾರಿಕೆಗೆ ಅವು ನಿಜಕ್ಕೂ ಚೆನ್ನ, ಹೊತ್ತು ಸಿಗದ ನೌಕರಿಯವರಿಗೆ ಹೇಳಿ ಮಾಡಿಸಿದ್ದು. ಗ್ರಹಗಳಿಗೆ ಮಾತ್ರ ಅಲ್ಲ, 250 ಮಿ.ಮೀ. ಸಂಗಮದೂರದಲ್ಲಿ ಗುರು ಇಪ್ಪತ್ತು ಪಿಕ್ಸೆಲ್ ಕೂಡ ಆಗುವುದಿಲ್ಲ.

ಕರೆಂಟು, ಸೂರ್ಯ, ಧೂಳು

ಹೊಲದಲ್ಲಿ ಪ್ಲಗ್ ಇರುವುದಿಲ್ಲ. ಮೋಟಾರಿಗೆ 12 ವೋಲ್ಟಿನ ಸೀಲ್ಡ್ ಬ್ಯಾಟರಿ, ಲ್ಯಾಪ್‌ಟಾಪಿಗೆ ತುಂಬಿದ ಚಾರ್ಜು, ಡಿಎಸ್‌ಎಲ್‌ಆರ್‌ಗೆ ಇನ್ನೊಂದು ಬ್ಯಾಟರಿ ಇರಲಿ. ನೋಡಿಕೊಳ್ಳಲು ಕೆಂಪು ಬ್ಯಾಟರಿದೀಪ. ಬರಿಗಾಲಲ್ಲಿ ತಿರುಗಬೇಡಿ, ಹೊಲದಲ್ಲಿ ಹಾವು, ಚೇಳು ಇರುತ್ತವೆ.

ಸೂರ್ಯನ ಕಡೆಗೆ ಟೆಲಿಸ್ಕೋಪು ತಿರುಗಿಸಬೇಕೆಂದರೆ ಕೊಳವೆಯ ಮುಂಬಾಯಿಗೆ ಬಿಗಿಯಾಗಿ ಕೂರುವ, ಬಾಡರ್ ಆಸ್ಟ್ರೋಸೋಲಾರ್ ಫಿಲ್ಮಿನಂಥ ಫಿಲ್ಟರ್ ಇರಲೇಬೇಕು, ಫೈಂಡರಿನ ಮುಚ್ಚಳವೂ ಹಾಕಿರಬೇಕು. ಐಪೀಸಿಗೆ ತಿರುಗಿಸುವ ಸಣ್ಣ "ಸನ್" ಫಿಲ್ಟರ್ ನಿಮ್ಮ ಡಬ್ಬಿಯಲ್ಲಿದ್ದರೆ ಒಡೆದು ಬಿಸಾಡಿ. ಕಾಯ್ದು ಸಿಡಿದರೆ ಕಣ್ಣು ಹೋಗುತ್ತದೆ, ಸೆನ್ಸರಿನ ಮಾತು ಆಮೇಲೆ.

ಎರಿಮಣ್ಣಿನ ಧೂಳು ಬಹಳ ಸಣ್ಣದು, ಗಾಳಿಗೆ ಎಲ್ಲ ಕಡೆ ನುಗ್ಗುತ್ತದೆ. ಕ್ಯಾಮೆರಾಕ್ಕೆ ನೋಸ್‌ಪೀಸ್ ಹಚ್ಚುವುದನ್ನು ಮನೆಯೊಳಗೇ ಮುಗಿಸಿಕೊಂಡು ಹೊರಡಿ, ಬಾಯಿ ಕೆಳಮುಖವಾಗಿ ಹಿಡಿಯಿರಿ. ಸೆನ್ಸರನ್ನು ಬಟ್ಟೆಯಿಂದ ಒರೆಸಬೇಡಿ, ಬಾಯಿಂದ ಊದಬೇಡಿ, ರಬ್ಬರ್ ಬ್ಲೋವರ್ ಬಳಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಹೆಚ್ಚು. ಆ ತಿಂಗಳುಗಳಲ್ಲಿ ಎಲ್ಲವನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ಬೆಳಗಾವಿ, ಖಾನಾಪುರದ ಮಳೆಯಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ, ಅಲ್ಲಿನವರು ಜೆಲ್ಲನ್ನು ಪದೇ ಪದೇ ಕಾಯಿಸಿ ಒಣಗಿಸಬೇಕು.